ತುರಿಕೆಗೆ ‘ಒನ್ಸ್ ಮೋರ್’ ಹೇಳಬೇಡಿ!

ತೆರೆಯ ಮೇಲೆ ನಾಯಕ ಮೈ ಕೆರೆದುಕೊಂಡದ್ದನ್ನು ನೀವು ಎಂದಾದರೂ ನೋಡಿದ್ದೀರಾ? ಸ್ವಲ್ಪ ಯೋಚಿಸಿ ಹೇಳಿ. ನಾಯಕ ಕುದುರೆಯಿಂದ ಬೀಳ್ತಾನೆ, ಬೆಂಕಿಗೆ ಹಾರ್ತಾನೆ, ಹತ್ತು ಜನರ ಏಟು ತಿಂದು ಎದ್ದು ನಿಲ್ತಾನೆ. ಆದರೆ ಯುಗಳಗೀತೆಯ ಮಧ್ಯೆ ಮೊಣಕೈ ಸಂದಿಯನ್ನು ಪರಪರ ಕೆರೆದುಕೊಳ್ಳುವ ನಾಯಕ? ಊಹೂಂ! ಕೆರೆತ ಏನಿದ್ದರೂ ಹಾಸ್ಯನಟರ ಪಾಲು. ಅವರ ಕೈ ಬೆನ್ನ ಹಿಂದೆ ಹೋಯಿತೆಂದರೆ ಟಾಕೀಸು ಪೂರ್ತಿ ಗೊಳ್ಳೆನ್ನಬೇಕು.

ಇನ್ನು ಕಲೆ, ಗಾಯದ ಗುರುತು, ನರಹುಲಿ, ಬೋಳುತಲೆ ಎಲ್ಲವೂ ಖಳನಾಯಕರ ಆಸ್ತಿ. ಇದು ನನ್ನ ಕುಹಕವಲ್ಲ ಸ್ವಾಮಿ! 2017ರಲ್ಲಿ ಅಮೆರಿಕದ ಚರ್ಮವೈದ್ಯರ ಪತ್ರಿಕೆಯೊಂದರಲ್ಲಿ ಒಂದು ಲೇಖನ ಬಂತು. ಅಲ್ಲಿನ ಸಿನಿಮಾಗಳ ಸಾರ್ವಕಾಲಿಕ 10 ನಾಯಕರನ್ನೂ 10 ಖಳರನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದರು. 10 ಖಳರಲ್ಲಿ 6 ಮಂದಿಗೆ ಚರ್ಮದ್ದೋ ಕೂದಲಿನದೋ ಏನಾದರೊಂದು ಐಬು. ನಾಯಕರ ಪಾಳೆಯದಲ್ಲಿ ಅದು ತೀರಾ ಕಡಿಮೆ. ಕೆಟ್ಟ ಚರ್ಮ ಅಂದರೆ ಕೆಟ್ಟ ಮನುಷ್ಯ. ಇದೇ ಪಾಠವನ್ನು ನಾವೆಲ್ಲ ದುಡ್ಡು ಕೊಟ್ಟು ಕಲಿತುಬಂದಿದ್ದೇವೆ.

ಹೀಗಿರುವಾಗ ಹಸುಗೂಸಿನಿಂದಲೇ ಇಸುಬು ಕಟ್ಟಿಕೊಂಡು ಬೆಳೆದ ನನ್ನಂಥ ಸಿನಿಮಾ ಹುಚ್ಚನ ಪಾಡು ಏನಾಗಿರಬೇಡ, ನೀವೇ ಹೇಳಿ!

ಡಾಕ್ಟರುಗಳು ಎಕ್ಸಿಮಾ ಅನ್ನುವುದಕ್ಕೆ ನಮ್ಮವರ ಹೆಸರು ಇಸುಬು. ನನಗೆ ಅದು ಮೊಣಕೈ ಮಡಿಕೆ, ಮಂಡಿಯ ಹಿಂಭಾಗ, ಕತ್ತಿನ ಸುತ್ತ. ಮೊದಲು ಕೆಂಪಗಾಗುತ್ತದೆ, ಆಮೇಲೆ ಹೊಟ್ಟು ಏಳುತ್ತದೆ, ಕೆರೆದರೆ ನೀರು ಒಸರುತ್ತದೆ, ಕೊನೆಗೆ ಚರ್ಮ ಆನೆಯ ಚರ್ಮದಂತೆ ದಪ್ಪಗಾಗಿ ಕೂರುತ್ತದೆ. ರಾತ್ರಿ ಊರೆಲ್ಲ ಮಲಗಿದ ಮೇಲೆ ಅದರ ಸೆಕೆಂಡ್ ಷೋ ಶುರು.

ನಾವಿದ್ದದ್ದು ಚಾಮರಾಜಪೇಟೆಯ ಒಂದು ವಠಾರದಲ್ಲಿ. ಎಂಟು ಮನೆ, ಎರಡು ಬಚ್ಚಲು, ಬಟ್ಟೆ ಒಣಹಾಕಲು ಎಲ್ಲರಿಗೂ ಸೇರಿ ಒಂದೇ ತಂತಿ. ಒಂದು ದಿನ ಮೂರನೇ ಮನೆಯಾಕೆ ನಮ್ಮಮ್ಮನಿಗೆ, “ರೀ, ತಪ್ಪು ತಿಳ್ಕೋಬೇಡಿ. ನಿಮ್ಮ ಹುಡುಗನ ಬಟ್ಟೆ ಬೇರೆ ಕಡೆ ಹಾಕ್ಕೊಳ್ಳಿ. ಮಕ್ಕಳಿರೋ ಮನೆ ನೋಡಿ...” ಅಂದರು. ಅಮ್ಮ ಜಗಳ ಆಡಲಿಲ್ಲ. ಅವತ್ತಿನಿಂದ ನನ್ನ ಷರ್ಟುಗಳು ಅಡುಗೆಮನೆಯ ಒಳಗೆ, ಒಲೆಯ ಮೇಲಿನ ಗಳುವಿನಲ್ಲಿ ಒಣಗಿದವು. ಸ್ಕೂಲಿನಲ್ಲಿ ಒಗ್ಗರಣೆಯ ವಾಸನೆ ಹೊಡೆಯುವ ಷರ್ಟು ನನ್ನೊಬ್ಬನದೇ!

ಆ ಮಹಾತಾಯಿಗೆ ಗೊತ್ತಿರಲಿಲ್ಲ, ಈಗಲೂ ಎಷ್ಟೋ ಜನರಿಗೆ ಗೊತ್ತಿಲ್ಲ. ಆದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ. ಕಜ್ಜಿ ಅಂಟುತ್ತದೆ, ಅದಕ್ಕೆ ಚರ್ಮದೊಳಗೆ ಕೊರೆಯುವ ಸಣ್ಣ ಹುಳು ಕಾರಣ. ಹುಳುಕಡ್ಡಿ ಅಂಟುತ್ತದೆ, ಅದಕ್ಕೆ ಶಿಲೀಂಧ್ರ ಕಾರಣ. ಇಸುಬು ಅಂಟುವುದಿಲ್ಲ. ಕೈ ಕುಲುಕಿದರೂ ಅಂಟುವುದಿಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಅಂಟುವುದಿಲ್ಲ, ಒಂದೇ ತಂತಿಯ ಮೇಲೆ ಬಟ್ಟೆ ಒಣಗಿಸಿದರೂ ಅಂಟುವುದಿಲ್ಲ.

ನಾಗದೋಷ ಇರಬೇಕು ಅಂದರು ಮನೆಯ ಹಿರಿಯರು. ಘಾಟಿ ಸುಬ್ರಹ್ಮಣ್ಯಕ್ಕೆ ಕರೆದುಕೊಂಡು ಹೋದರು. ದೇವರ ದರ್ಶನವಾಯಿತು, ಅಮ್ಮನ ಮನಸ್ಸಿಗೆ ಸಮಾಧಾನವೂ ಆಯಿತು. ದೊಡ್ಡಬಳ್ಳಾಪುರ ದಾಟುವಷ್ಟರಲ್ಲಿ ಬಸ್ಸಿನ ಸೆಖೆಗೆ ತುರಿಕೆಯೂ ವಾಪಸಾಯಿತು! ಪುಟ್ಟಣ್ಣ ಕಣಗಾಲರ ‘ನಾಗರಹಾವು’ 1972ರಲ್ಲಿ ಬಂದು ವಿಷ್ಣುವರ್ಧನ್ ಮನೆಮಾತಾಗಿದ್ದ ಕಾಲ. ಹಾವು ಪೊರೆ ಬಿಡುವುದು ವರ್ಷಕ್ಕೆ ಕೆಲವೇ ಸಲ, ನಾನು ದಿನಾ ಬೆಳಿಗ್ಗೆ ಹಾಸಿಗೆ ತುಂಬ ಬಿಡುತ್ತಿದ್ದೆ. ರಾಮಾಚಾರಿಗಿಂತ ನಾನೇ ಅಸಲಿ ನಾಗರಹಾವು ಎಂದು ತಮ್ಮನ ಹತ್ತಿರ ಜಂಬ ಕೊಚ್ಚಿಕೊಂಡಿದ್ದೂ ಉಂಟು. ನಗದೆ ಇದ್ದರೆ ಅಳಬೇಕಿತ್ತಲ್ಲ!

ಅಷ್ಟಕ್ಕೂ ಈ ಇಸುಬು ಯಾಕೆ ಬರುತ್ತೆ? ನಮ್ಮ ಭಾಷೆಯಲ್ಲೇ ಹೇಳ್ತೀನಿ ಕೇಳಿ. ಚರ್ಮ ಅಂದರೆ ಟಾಕೀಸಿನ ಗೇಟ್‌ಕೀಪರ್. ಒಳಗಿನ ತೇವವನ್ನು ಹೊರಗೆ ಬಿಡಬಾರದು. ಹೊರಗಿನ ಧೂಳು, ಸೋಪು, ರೋಗಾಣುಗಳನ್ನು ಟಿಕೆಟ್ ಇಲ್ಲದೆ ಒಳಗೆ ಬಿಡಬಾರದು. ನಮ್ಮಂಥವರ ಗೇಟ್‌ಕೀಪರ್ ಹುಟ್ಟಾ ತೂಕಡಿಸುವ ಆಸಾಮಿ. ಒಳಗಿನ ನೀರು ಆರಿಹೋಗಿ ಚರ್ಮ ಒಣಗುತ್ತದೆ, ಹೊರಗಿನ ಪುಂಡರು ಒಳಗೆ ನುಗ್ಗುತ್ತಾರೆ. ದೇಹದ ಪೊಲೀಸರು ಓಡಿಬಂದು ಸಿಕ್ಕಸಿಕ್ಕವರ ಮೇಲೆ ಲಾಠಿ ಬೀಸುತ್ತಾರೆ. ಆ ಗಲಾಟೆಯೇ ಉರಿ, ಕೆಂಪು, ತುರಿಕೆ.

ಚರ್ಮದ ಗೋಡೆ ಕಟ್ಟಲು ಬೇಕಾದ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನು ಕೆಟ್ಟಿದ್ದರೆ ಇಸುಬು ಬರುವ ಸಂಭವ ಹೆಚ್ಚು ಎಂಬುದು 2006ರಲ್ಲಿ ಗೊತ್ತಾಯಿತು. ಹಾಗಂತ ಎಲ್ಲ ಇಸುಬಿಗೂ ಅದೊಂದೇ ಕಾರಣವಲ್ಲ. ಆಸ್ತಮಾ, ಅಲರ್ಜಿಯ ಸೀನು, ಇಸುಬು, ಈ ಮೂರೂ ಒಂದೇ ಬ್ಯಾನರಿನ ಚಿತ್ರಗಳು. ಒಂದೇ ಮನೆತನದಲ್ಲಿ ಒಬ್ಬರಿಗೆ ಇದು, ಇನ್ನೊಬ್ಬರಿಗೆ ಅದು ಬರುವುದುಂಟು. ನನಗೆ ಇಸುಬು ಕೊಟ್ಟ ಮನೆತನವೇ ನನ್ನ ತಮ್ಮನಿಗೆ ಉಬ್ಬಸ ಕೊಟ್ಟಿತು. ಯಾರ ಪಾಪವೂ ಅಲ್ಲ, ಯಾರ ಶಾಪವೂ ಅಲ್ಲ.

ಕೆರೆದರೆ ಹಾಯ್ ಅನ್ನಿಸುತ್ತದೆ, ನಿಜ. ಆದರೆ ಕೆರೆತ ಅಂದರೆ ಮುಂದಿನ ಸಾಲಿನ ಅಭಿಮಾನಿಗಳ ‘ಒನ್ಸ್ ಮೋರ್’ ಇದ್ದ ಹಾಗೆ. ಉಗುರು ತಾಗಿ ಗೋಡೆ ಇನ್ನಷ್ಟು ಬಿರುಕು ಬಿಡುತ್ತದೆ, ತುರಿಕೆ ಮತ್ತೆ ಮೊದಲ ರೀಲಿನಿಂದ ಶುರು!

ಇಷ್ಟೇ ಆಗಿದ್ದರೆ ಹೇಗೋ ಸಾಗುತ್ತಿತ್ತು. ಕಾಲೇಜು ಸೇರಿದ ಮೇಲೆ ನಮ್ಮ ಬೀದಿಯ ಹುಡುಗರು ರಾಜ್‌ಕುಮಾರ್ ಅಭಿಮಾನಿಗಳ ಬಳಗ ಕಟ್ಟಿದೆವು. 1983ರಲ್ಲಿ ‘ಕವಿರತ್ನ ಕಾಳಿದಾಸ’ ಬಂತು. ಕಟೌಟಿಗೆ ಸೇವಂತಿಗೆ ಹಾರ ಹಾಕಬೇಕು. ಹೂವು ಆರಿಸಿ, ಹೊತ್ತು, ಏಣಿ ಹತ್ತಿ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಅದಕ್ಕಿಂತ ದೊಡ್ಡ ಗೌರವ ಉಂಟೆ! ಮಾರನೆಯ ದಿನ ಎದ್ದರೆ ರೆಪ್ಪೆ ಊದಿ ಕಣ್ಣೇ ಬಿಡಲಾಗುತ್ತಿಲ್ಲ. ಕತ್ತು, ಮುಖ, ಕೈ ಎಲ್ಲ ಕೆಂಡ. ಮುಂದಿನ ಚಿತ್ರಕ್ಕೂ ಅದೇ ಹಾರ, ಅದೇ ಕಥೆ. ಮೂರನೆಯ ಸಲ ಏಣಿ ಹತ್ತಲು ನಾನು ಹಿಂದೇಟು ಹಾಕಿದೆ. “ಇವನಿಗೀಗ ಕೊಬ್ಬು ಕಣ್ರೋ. ಕೈಗೆ ಮಣ್ಣಾಗಬಾರದು, ಟಿಕೆಟ್ ಮಾತ್ರ ಬೇಕು” ಎಂದು ಹುಡುಗರು ಆಡಿಕೊಂಡರು. ಬೇಸಗೆಯಲ್ಲೂ ತುಂಬುತೋಳಿನ ಷರ್ಟು ಹಾಕಿ ಕತ್ತಿನ ಗುಂಡಿ ಬಿಗಿಯುವವನನ್ನು ಜಂಬಗಾರ ಅಂದುಕೊಳ್ಳದೆ ಇನ್ನೇನು ಅಂದುಕೊಂಡಾರು?

ಚರ್ಮದ ಡಾಕ್ಟರೊಬ್ಬರು ನನ್ನ ಬೆನ್ನಿಗೆ ಚಿಕ್ಕಚಿಕ್ಕ ಪಟ್ಟಿ ಅಂಟಿಸಿ, “48 ಗಂಟೆ ನೀರು ತಾಗಿಸಬೇಡಪ್ಪಾ” ಅಂದರು. ಇದನ್ನು ಪ್ಯಾಚ್ ಟೆಸ್ಟ್ ಅಂತಾರೆ. ಪಟ್ಟಿ ಕಿತ್ತಾಗ ಒಂದು ಜಾಗ ಮಾತ್ರ ಕೆಂಪಗೆ ಉಬ್ಬಿತ್ತು. ಅಲ್ಲಿ ಅಂಟಿಸಿದ್ದು ಪಾರ್ಥೇನಿಯಂ, ಅಂದರೆ ನಮ್ಮ ಕಾಂಗ್ರೆಸ್ ಗಿಡ! ಸೇವಂತಿಗೆ, ಸೂರ್ಯಕಾಂತಿ ಎರಡೂ ಅದರ ಬಳಗದವೇ. ಒಂದು ಒಗ್ಗದಿದ್ದರೆ ಇನ್ನೊಂದೂ ಒಗ್ಗದಿರಬಹುದು. ಹುಟ್ಟಿನ ಇಸುಬಿನ ಜೊತೆಗೆ ಅಲರ್ಜಿಯ ಇಸುಬು. ಡಬಲ್ ರೋಲ್!

ಬೆಂಗಳೂರಿನವರಿಗೆ ಕಾಂಗ್ರೆಸ್ ಗಿಡದ ಪರಿಚಯ ಬೇಕಿಲ್ಲ. ಖಾಲಿ ಸೈಟು, ರೈಲು ಹಳಿ, ಮೋರಿಯ ದಂಡೆ, ಎಲ್ಲಿ ನೋಡಿದರೂ ಬಿಳಿ ಚುಕ್ಕಿಯಂಥ ಹೂವು. ಇದು ಅಮೆರಿಕ ಖಂಡದ ಗಿಡ. 1950ರ ದಶಕದ ನಡುವೆ ಪುಣೆಯಲ್ಲಿ ಕಣ್ಣಿಗೆ ಬಿದ್ದದ್ದು ನೋಡನೋಡುತ್ತ ದೇಶವನ್ನೇ ಮುತ್ತಿತು. ಒಣಗಿದ ಗಿಡದ ಪುಡಿ ಗಾಳಿಯಲ್ಲಿ ತೇಲಿಬಂದು ರೆಪ್ಪೆ, ಕತ್ತು, ಮೊಣಕೈ ಮಡಿಕೆಗಳಲ್ಲಿ ಕೂತರೂ ಸಾಕು, ಒಗ್ಗದವರಿಗೆ ಉರಿ ಏಳುತ್ತದೆ. ಕರ್ನಾಟಕ ಸರ್ಕಾರ 1975ರಲ್ಲೇ ಕಾನೂನಿನ ಪ್ರಕಾರ ಇದನ್ನು ಪೀಡೆ ಎಂದು ಸಾರಿತು. ಮೆಕ್ಸಿಕೋದಿಂದ ತಂದ ಒಂದು ಜಾತಿಯ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲೇ ಬಿಟ್ಟರು. ಅದು ಮಳೆಗಾಲದಲ್ಲಿ ಈ ಗಿಡದ ಎಲೆಯನ್ನು ಮೇಯುತ್ತದೆ. ಗಿಡ ಸಾಯಲಿಲ್ಲ, ಜೀರುಂಡೆಯೂ ಬಿಡಲಿಲ್ಲ. ಇಬ್ಬರ ಫೈಟಿಂಗ್ ಇನ್ನೂ ನಡೀತಾ ಇದೆ.

ಡಾಕ್ಟರ ಚೀಟಿ ಹಿಡಿದು ನಾನು ಬಳಗದ ಹುಡುಗರ ಮುಂದೆ ತೋಳು ಮಡಿಸಿದೆ. ಒಂದು ನಿಮಿಷ ಯಾರೂ ಮಾತಾಡಲಿಲ್ಲ. “ಅಂಟುತ್ತೇನೋ?” ಅಂದ ಒಬ್ಬ. “ಇಲ್ಲ” ಅಂದೆ. “ಮತ್ತೆ ಇಷ್ಟು ದಿನ ಬಾಯಲ್ಲಿ ಕಡುಬು ಇಟ್ಕೊಂಡಿದ್ಯಾ?” ಅಂದವನೇ ಲೆಕ್ಕದ ಪುಸ್ತಕ ತೆಗೆದ. ಆ ಸಲ ಕಟೌಟಿಗೆ ಬಿದ್ದದ್ದು ಸುಗಂಧರಾಜದ ಹಾರ. ಸೇವಂತಿಗೆಗಿಂತ ರೇಟು ಜಾಸ್ತಿ. ಕಡಿಮೆ ಬಿದ್ದ ದುಡ್ಡಿಗೆ ಅವರೆಲ್ಲ ಇಂಟರ್‌ವಲ್ಲಿನ ಬೋಂಡಾ ಬಿಟ್ಟರು. ಏಣಿ ಹತ್ತಿದವನು ನಾನೇ!

ಈಗ ಕೆಲಸದ ಮಾತು. ಇಸುಬನ್ನು ಬೇರುಸಹಿತ ಕೀಳುವ ಮದ್ದು ಇನ್ನೂ ಬಂದಿಲ್ಲ. ಮಕ್ಕಳಲ್ಲಿ ಎಷ್ಟೋ ಮಂದಿಗೆ ಬೆಳೆಯುತ್ತ ತಾನೇ ತಗ್ಗುತ್ತದೆ. ಉಳಿದವರು ಅದನ್ನು ಅಂಕೆಯಲ್ಲಿ ಇಟ್ಟುಕೊಳ್ಳಬೇಕು. ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಮುಗಿಯಿತೆಂದರೆ ನಮ್ಮೂರಿನಲ್ಲಿ ಒಣಗಾಳಿ ಶುರು, ನನ್ನ ಎಚ್ಚರಿಕೆಯೂ ಶುರು. ಹಂಡೆಯ ಕುದಿನೀರು ಸುರಿದುಕೊಂಡರೆ ಆ ಕ್ಷಣಕ್ಕೆ ಸ್ವರ್ಗ, ಆಮೇಲೆ ನರಕ. ಉಗುರುಬೆಚ್ಚಗಿನ ನೀರು, ಹತ್ತು ನಿಮಿಷದೊಳಗೆ ಸ್ನಾನ. ಸೀಗೆಪುಡಿ, ಕಡಲೆಹಿಟ್ಟು ಹಾಕಿ ಉಜ್ಜುವಂತಿಲ್ಲ. ಘಮಘಮ ಸೋಪಿನ ಆಸೆ ಬಿಡಿ, ಮೃದುವಾದದ್ದು ಸಾಕು. ಟವಲಿನಲ್ಲಿ ಒರೆಸಬೇಡಿ, ಒತ್ತಿ. ಮೈ ಇನ್ನೂ ತೇವವಾಗಿರುವಾಗಲೇ ಮುಲಾಮು ಸವರಿ. ದುಬಾರಿಯದೇ ಬೇಕೆಂದಿಲ್ಲ, ವ್ಯಾಸಲೀನಿನಂಥ ಪೆಟ್ರೋಲಿಯಂ ಜೆಲ್ಲಿಯೂ ಆದೀತು. ಅದಕ್ಕೆ 1872ರಲ್ಲೇ ಪೇಟೆಂಟ್ ಆಗಿದೆ, ಈಗಲೂ ಓಡುತ್ತಿದೆ. ಅದಕ್ಕಿಂತ ಹಳೆಯ ಹಿಟ್ ಯಾವುದಿದೆ?

ಬಟ್ಟೆ ಹತ್ತಿಯದೇ ಆಗಿರಲಿ. ನಮ್ಮ ಕಾಲದಲ್ಲಿ ನಾಯಕರನ್ನು ನೋಡಿ ಬಿಗಿಯಾದ ಪಾಲಿಯೆಸ್ಟರ್ ಷರ್ಟು ಹೊಲಿಸಿಕೊಳ್ಳುತ್ತಿದ್ದರು. ನನಗದು ಮೈಮೇಲೆ ಇರುವೆ ಗೂಡು ಕಟ್ಟಿದ ಹಾಗಾಗುತ್ತಿತ್ತು. ಉಗುರು ವಾರ ತಪ್ಪದೆ ಕತ್ತರಿಸಿ. ತುರಿಕೆ ಎದ್ದರೆ ಕೆರೆಯುವ ಬದಲು ತಣ್ಣೀರಿನ ಬಟ್ಟೆ ಒತ್ತಿ ಹಿಡಿಯಿರಿ. ಕೀವಾದರೆ, ಅಥವಾ ಜ್ವರದ ಜೊತೆ ನೋಯುವ ನೀರುಗುಳ್ಳೆ ಎದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಒಂದು ವಿಷಯ ಮಾತ್ರ ಒತ್ತಿ ಹೇಳಬೇಕು. ಸ್ಟೀರಾಯ್ಡ್ ಮುಲಾಮು ಡಾಕ್ಟರ ಕೈಯಲ್ಲಿದ್ದರೆ ದೇವರು. ಎಷ್ಟು ದಿನ, ಯಾವ ಜಾಗಕ್ಕೆ, ಎಷ್ಟು ಎಂದು ಅವರು ಹೇಳಿದಂತೆ ಹಚ್ಚಿದರೆ ಭಯವಿಲ್ಲ. ಹುಳುಕಡ್ಡಿಗೂ ಅದೇ, ಮೊಡವೆಗೂ ಅದೇ, ಬೆಳ್ಳಗಾಗಲೂ ಅದೇ ಎಂದು ಅಂಗಡಿಯವರನ್ನು ಕೇಳಿ ತಿಂಗಳುಗಟ್ಟಲೆ ಬಳಿದುಕೊಂಡರೆ ಚರ್ಮ ಕಾಗದದಂತೆ ತೆಳುವಾಗುತ್ತದೆ, ಹುಳುಕಡ್ಡಿ ಮೈತುಂಬ ಹಬ್ಬುತ್ತದೆ. ನನ್ನ ಗೆಳೆಯನೊಬ್ಬ ಹೀಗೇ ಮುಖಕ್ಕೆ ಹಚ್ಚಿಕೊಂಡು ವರ್ಷವಿಡೀ ಬಿಸಿಲಿಗೆ ಬರಲಾಗದೆ ಒದ್ದಾಡಿದ. ಈ ಹಾವಳಿಯನ್ನು ಕಂಡೇ ಕೇಂದ್ರ ಸರ್ಕಾರ 2018ರಲ್ಲಿ ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಕೂಡದೆಂದು ನಿಯಮ ಬಿಗಿ ಮಾಡಿತು. ಚೀಟಿಗೆ ದುಡ್ಡಿಲ್ಲ ಅನ್ನಬೇಡಿ. ವಿಕ್ಟೋರಿಯಾ, ಬೌರಿಂಗ್‌ನಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ. ಇಸುಬು ತೀರಾ ಜೋರಾದವರಿಗೆ ಡುಪಿಲುಮಾಬ್ ಎಂಬ ಇಂಜೆಕ್ಷನ್ ಕೂಡ ಬಂದಿದೆ. 2017ರಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟಿತು. ಬೆಲೆ ಮಾತ್ರ ಬಾಲ್ಕನಿಯದಲ್ಲ, ಬಾಕ್ಸಿನದು!

ಕೊನೆಗೆ ಒಂದು ಸಿನಿಮಾ ಸುದ್ದಿ, ಅದಿಲ್ಲದಿದ್ದರೆ ನಿಮಗೆ ಪುಟ ರುಚಿಸೀತೆ? 2016ರಲ್ಲಿ ಅಮೆರಿಕದ ಎಚ್‌ಬಿಒ ‘ದಿ ನೈಟ್ ಆಫ್’ ಎಂಬ ಎಂಟು ಕಂತುಗಳ ಧಾರಾವಾಹಿ ತಂತು. ಕೊಲೆಯ ಆರೋಪ ಹೊತ್ತ ಒಬ್ಬ ಹುಡುಗ, ಅವನನ್ನು ಉಳಿಸಲು ಹೆಣಗುವ ಒಬ್ಬ ವಕೀಲ. ವಕೀಲನ ಪಾತ್ರ ಜಾನ್ ಟರ್ಟೂರೊ ಅವರದು. ಆ ವಕೀಲನಿಗೆ ಏನು ಕಾಯಿಲೆ ಗೊತ್ತೆ? ಕಾಲಿಗೆ ಇಸುಬು! ಬೂಟು ಹಾಕಲಾಗದೆ ಕೋರ್ಟಿಗೆ ಸ್ಯಾಂಡಲ್‌ನಲ್ಲೇ ಬರುತ್ತಾನೆ. ಚೀನೀಯರು ಊಟಕ್ಕೆ ಬಳಸುವ ಕಡ್ಡಿಯಿಂದ ಕಾಲು ಕೆರೆದುಕೊಳ್ಳುತ್ತಾನೆ. ಪಕ್ಕದವರು ಮೂಗು ಮುರಿಯುತ್ತಾರೆ, ಅವನು ಕೇಸು ಬಿಡುವುದಿಲ್ಲ. ಅವನು ಖಳನಲ್ಲ, ವಿದೂಷಕನೂ ಅಲ್ಲ. ಆ ಕಡ್ಡಿ ಕೆಲಸ ಮಾಡುವುದನ್ನು ನೋಡಿ ಮನೆಯವರೆಲ್ಲ ನಕ್ಕರು, ನಾನೊಬ್ಬ ಕಣ್ಣೊರೆಸಿಕೊಂಡೆ. ಐವತ್ತು ವರ್ಷಕ್ಕೂ ಮಿಕ್ಕಿ ಸಿನಿಮಾ ನೋಡಿದವನಿಗೆ ನನ್ನ ತುರಿಕೆ ತೆರೆಯ ಮೇಲೆ ಸಿಕ್ಕಿದ್ದು ಅದೇ ಮೊದಲು.

ತುಂಬುತೋಳಿನ ಷರ್ಟಿನೊಳಗೆ ಬೆವರುತ್ತಿರುವ ತಮ್ಮಂದಿರೇ, ನಿಮಗೆ ನನ್ನದು ಇಷ್ಟೇ ಮಾತು. ಗುಂಡಿ ಬಿಚ್ಚಿ, ಗಾಳಿ ಆಡಲಿ. ಯಾರಾದರೂ “ಅಂಟುತ್ತಾ?” ಅಂತ ಕೇಳಿದರೆ ಮುಖ ತಿರುಗಿಸಬೇಡಿ, “ಇಲ್ಲ ಗುರುವೇ, ಕೂತ್ಕೋ” ಅಂತ ಪಕ್ಕದ ಸೀಟು ತೋರಿಸಿ. ಕೂತರೆ ಗೆಳೆಯ ಸಿಕ್ಕ. ಕೂರದಿದ್ದರೆ ಕೈ ಚಾಚೋಕೆ ಜಾಗ ಸಿಕ್ತು, ಆರಾಮಾಗಿ ಪಿಕ್ಚರ್ ನೋಡಿ!