ಯಾರ ಕೈಗೆ ಕೊಟ್ಟಿರಿ?

ನಮ್ಮ ಬೀದಿಯಲ್ಲಿ ಪಾರ್ಸೆಲ್ಲುಗಳು ಸಿಕ್ಕಿರುವ ಜಾಗಗಳು ಇವು: ಚಪ್ಪಲಿ ಸ್ಟ್ಯಾಂಡಿನ ಕೆಳಗಿನ ಖಾನೆ, ಕರೆಂಟ್ ಮೀಟರಿನ ಪೆಟ್ಟಿಗೆ, ಸಂಪಿನ ಮುಚ್ಚಳ, ಗೇಟಿಗೆ ನೇತುಹಾಕಿದ ಹಾಲಿನ ಚೀಲ, ಮೂಲೆಯ ಇಸ್ತ್ರಿ ಗಾಡಿ. ಕಾಂಪೌಂಡಿನ ಆಚೆಯಿಂದಲೇ ಎಸೆದ ಒಂದು ಪೊಟ್ಟಣ ದಾಸವಾಳದ ಗಿಡದಲ್ಲಿ ಸಿಕ್ಕಿಕೊಂಡು ರಾತ್ರಿಯಿಡೀ ಮಳೆಯಲ್ಲಿ ನೆನೆದಿತ್ತು. ಇವೆಲ್ಲ ಸಿಕ್ಕಂಥವು. ಸಿಗದೇ ಹೋದವುಗಳಿಗೂ ಮೊಬೈಲಿನಲ್ಲಿ ‘ಡೆಲಿವರ್ಡ್’ ಎಂಬ ಹಸಿರು ಗುರುತು ಬಿದ್ದಿರುತ್ತದೆ. ಕೆಲವಕ್ಕೆ ಫೋಟೊ ಕೂಡ ಇರುತ್ತದೆ. ಅದರಲ್ಲಿರುವ ಬಾಗಿಲು ಮಾತ್ರ ನಮ್ಮದಲ್ಲ.

ಬೆಂಗಳೂರಿನಲ್ಲಿ ಬಾಗಿಲು ತಪ್ಪುವುದು ಕಷ್ಟವೇನಲ್ಲ. ಒಂದೇ ಬಡಾವಣೆಯ ಒಂದನೇ ಹಂತದಲ್ಲೊಂದು ಐದನೇ ಕ್ರಾಸ್, ಎರಡನೇ ಹಂತದಲ್ಲಿ ಇನ್ನೊಂದು. ಮನೆಗೆ ಹಳೇ ನಂಬರ್ ಬೇರೆ, ಹೊಸ ನಂಬರ್ ಬೇರೆ. ಒಂದೇ ಹೆಸರಿನ ಊರುಗಳು, ಬೇರೆ ಬೇರೆ ಭಾಷೆಯ ವಿಳಾಸಗಳು ಸೇರಿ ಆಗುತ್ತಿದ್ದ ಗೊಂದಲ ತಪ್ಪಿಸಲೆಂದೇ ಶ್ರೀರಾಮ್ ಭಿಕಾಜಿ ವೇಲಣಕರ್ ಅವರು ಪಿನ್ ಕೋಡ್ ರೂಪಿಸಿದರು. 1972ರ ಆಗಸ್ಟ್ 15ರಂದು ಅದು ಜಾರಿಗೆ ಬಂತು. ಆದರೆ ಆ ಆರು ಅಂಕಿಗಳು ಕಾಗದವನ್ನು ಬಟವಾಡೆ ಮಾಡುವ ಅಂಚೆ ಕಚೇರಿಯವರೆಗೆ ಮಾತ್ರ ತರುತ್ತವೆ. ಅಲ್ಲಿಂದ ಮನೆಯವರೆಗೆ ತರುವುದು ಪೋಸ್ಟ್‌ಮ್ಯಾನಿನ ನೆನಪು. ಯಾರ ಮನೆಯಲ್ಲಿ ಹಗಲು ಯಾರಿರುತ್ತಾರೆ, ಮಹಡಿ ಮೇಲಿನ ಬಾಡಿಗೆಯವರ ಹೆಸರೇನು, ಇವು ಅವರಿಗೆ ಬಾಯಿಪಾಠ. ಕೊರಿಯರಿನ ಹುಡುಗನಿಗೆ ಅಷ್ಟು ಕಲಿಯುವ ಹೊತ್ತಿಗೆ ಬೇರೆ ಏರಿಯಾ ಹಾಕಿರುತ್ತಾರೆ, ಇಲ್ಲವೇ ಅವನೇ ಕೆಲಸ ಬಿಟ್ಟಿರುತ್ತಾನೆ.

ಹೋದ ಮಳೆಗಾಲದಲ್ಲಿ ನನಗೊಂದು ಪುಸ್ತಕದ ಕಟ್ಟು ಬರಬೇಕಿತ್ತು. ಮರುಮುದ್ರಣವಾಗದ ಹಳೆಯ ಪುಸ್ತಕಗಳು, ಧಾರವಾಡದ ಕಡೆಯ ಹಿರಿಯರೊಬ್ಬರು ತಮ್ಮ ಕಪಾಟಿನಿಂದ ತೆಗೆದು ಕಳಿಸಿದ್ದು. ಟ್ರ್ಯಾಕಿಂಗ್‌ನಲ್ಲಿ ಅದರ ಪ್ರಯಾಣವೆಲ್ಲ ಕಾಣುತ್ತಿತ್ತು. ಹುಬ್ಬಳ್ಳಿ ಬಿಟ್ಟಿದೆ, ಬೆಂಗಳೂರಿನ ಹಬ್ ಸೇರಿದೆ, ಔಟ್ ಫಾರ್ ಡೆಲಿವರಿ. ಆಮೇಲೆ ‘ಗ್ರಾಹಕರು ಲಭ್ಯವಿಲ್ಲ’. ನಾನು ಮನೆಯಲ್ಲೇ ಇದ್ದೆ. ಯಾರೂ ಬೆಲ್ ಮಾಡಲಿಲ್ಲ, ಫೋನೂ ಬರಲಿಲ್ಲ. ಮರುದಿನ ಸಂಜೆ ‘ಡೆಲಿವರ್ಡ್’ ಆಯಿತು. ಕಂಪನಿಗೆ ಫೋನು ಮಾಡಿದರೆ ಆ ಕಡೆಯ ಹುಡುಗಿ ಸಮಾಧಾನವಾಗಿಯೇ ಮಾತಾಡಿದಳು.

“ಸಾರ್, ಸಿಸ್ಟಮ್ಮಲ್ಲಿ ಡೆಲಿವರ್ಡ್ ತೋರಿಸ್ತಾ ಇದೆ.”

“ಯಾರ ಕೈಗೆ ಕೊಟ್ರಮ್ಮಾ?”

“ಅದು ನಮಗೆ ಕಾಣಲ್ಲ ಸಾರ್.”

ಅವಳು ನಿಜವನ್ನೇ ಹೇಳಿದಳು. ಪಾರ್ಸೆಲ್ ಎಲ್ಲಿದೆ ಎಂದು ಗಳಿಗೆಗೊಮ್ಮೆ ತಿಳಿಸುವ ಏರ್ಪಾಡು ನಮ್ಮಲ್ಲಿದೆ. ಯಾರ ಕೈಯಲ್ಲಿದೆ ಎಂದು ಅದು ಹೇಳುವುದಿಲ್ಲ. ಕಳ್ಳತನಕ್ಕೆ ದಾರಿ ಆಗುತ್ತಿರುವುದು ಇಲ್ಲೇ ಎಂದು ನನಗೆ ಅನ್ನಿಸುತ್ತದೆ. ನೆಲಮಂಗಲದ ಕಡೆಯ, ಹೊಸಕೋಟೆಯ ಕಡೆಯ ದೊಡ್ಡ ಗೋದಾಮುಗಳಿಂದ ಹೊರಟ ಪೆಟ್ಟಿಗೆ ನಮ್ಮ ಮನೆ ಸೇರುವುದರೊಳಗೆ ಲಾರಿ, ಹಬ್, ಫ್ರಾಂಚೈಸಿ, ಬೈಕು ಎಂದು ಎಷ್ಟೋ ಕಡೆ ಕೈ ಬದಲಾಗುತ್ತದೆ. ಪ್ರತಿ ಕಡೆಯೂ ಬಾರ್‌ಕೋಡ್ ಸ್ಕ್ಯಾನ್ ಆಗುತ್ತದೆ. ಸ್ಕ್ಯಾನ್ ಮಾಡಿದವನೇ ಪೆಟ್ಟಿಗೆಯ ಅಂಟುಟೇಪು ನೋಡಿದನೇ, ತೂಗಿ ನೋಡಿದನೇ, ಒಡೆದಿದೆ ಎಂದು ಬರೆದನೇ? ಮೊಬೈಲ್ ತರಿಸಿದವರ ಪೆಟ್ಟಿಗೆಯಲ್ಲಿ ಬಟ್ಟೆಸೋಪು ಬಂದ, ಕಲ್ಲು ಬಂದ ಸುದ್ದಿಗಳನ್ನು ಪತ್ರಿಕೆಗಳಲ್ಲಿ ಓದಿದ್ದೇವಲ್ಲ; ಅಂಥ ಅದಲುಬದಲು ಈ ಸಂದುಗಳಲ್ಲಿ ನಡೆಯುವಂಥದು. ತೂಕ ಹೊಂದಲೆಂದೇ ಸೋಪು.

ಅಂಚೆಯವರು ಈ ಸಂದುಗಳನ್ನು ಚೆನ್ನಾಗಿ ಬಲ್ಲವರಾಗಿದ್ದರು. ಚಿಕ್ಕದೇವರಾಜ ಒಡೆಯರು 1672ರಲ್ಲಿ ಕಟ್ಟಿದರೆನ್ನುವ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಯಿತು. ಆ ಕಾಲದಿಂದಲೂ ಚೀಲ ಒಬ್ಬನ ಹೆಗಲಿನಿಂದ ಮತ್ತೊಬ್ಬನ ಹೆಗಲಿಗೆ ದಾಟುವ ಕೆಲಸವೇ ಅದು. ನಾನು ಹುಡುಗನಾಗಿದ್ದಾಗ ಪಾರ್ಸೆಲ್ ಎಂದರೆ ಬಿಳಿ ಬಟ್ಟೆಯಲ್ಲಿ ಹೊಲಿದು, ಹೊಲಿಗೆಯ ಮೇಲೆ ಅರಗಿನ ಮುದ್ರೆ ಒತ್ತಿದ ಗಂಟು. ವಿಮೆ ಮಾಡಿದ ಪಾರ್ಸೆಲ್ಲಿಗಂತೂ ಎಲ್ಲ ಮುದ್ರೆಗಳೂ ಕಳಿಸುವವನ ಸ್ವಂತ ಗುರುತಿನವೇ ಆಗಿರಬೇಕಿತ್ತು. ಚಲಾವಣೆಯ ನಾಣ್ಯ ಒತ್ತಿದರೆ ತೆಗೆದುಕೊಳ್ಳುತ್ತಿರಲಿಲ್ಲ, ಯಾಕೆಂದರೆ ಆ ನಾಣ್ಯ ಕಳ್ಳನ ಜೇಬಿನಲ್ಲೂ ಇರುತ್ತದೆ. ಗುಮಾಸ್ತರು ತೂಕವನ್ನು ಗ್ರಾಮಿನ ಲೆಕ್ಕದಲ್ಲಿ ಅದರ ಮೇಲೇ ಬರೆಯುತ್ತಿದ್ದರು. ರಿಜಿಸ್ಟರಿಗೆ ಸ್ವೀಕೃತಿ ಚೀಟಿ ಲಗತ್ತಿಸಿದ್ದರೆ, ತೆಗೆದುಕೊಂಡವರ ರುಜು ಹೊತ್ತ ಕಾರ್ಡು ಕಳಿಸಿದವನ ಮನೆಗೆ ವಾಪಸು ಬರುತ್ತಿತ್ತು. ನಮ್ಮಜ್ಜ ಅಂಥ ಕಾರ್ಡುಗಳನ್ನು ಕಂಬಿಗೆ ಚುಚ್ಚಿಡುತ್ತಿದ್ದರು.

ಅಂಚೆಯಲ್ಲಿ ಏನೂ ಕಳೆಯುತ್ತಿರಲಿಲ್ಲ ಎಂದು ಹೇಳಲಾರೆ. ಕಳೆಯುತ್ತಿತ್ತು. ಕಳೆದರೆ ಸರ್ಕಾರ ಹೊಣೆಯಲ್ಲ ಎಂದು 1898ರ ಅಂಚೆ ಕಚೇರಿ ಕಾಯ್ದೆಯ ಆರನೇ ಕಲಮಿನಲ್ಲೇ ಬರೆದಿತ್ತು. ತಾನಾಗಿ ಒಪ್ಪಿಕೊಂಡಷ್ಟು ಮಾತ್ರ ಕೊಡುತ್ತಿತ್ತು. 1986ರಲ್ಲಿ ಬಂದ ಸ್ಪೀಡ್ ಪೋಸ್ಟ್‌ನಲ್ಲೂ ಕಳೆದ ವಸ್ತುವಿಗೆ ಬಹುಕಾಲ ಇದ್ದ ಪರಿಹಾರ ಎಂದರೆ ಕಟ್ಟಿದ ಶುಲ್ಕದ ಎರಡರಷ್ಟು ಅಥವಾ 1,000 ರೂಪಾಯಿ, ಯಾವುದು ಕಡಿಮೆಯೋ ಅದು. ಇದನ್ನು ನಾನು ನ್ಯಾಯ ಎನ್ನುವುದಿಲ್ಲ. ಆದರೆ ಅಲ್ಲಿ ವಿಚಾರಣೆ ಮಾಡುವುದಕ್ಕೆ ಒಂದು ಪುಸ್ತಕ ಇರುತ್ತಿತ್ತು, ಪುಸ್ತಕದಲ್ಲಿ ಒಬ್ಬರ ರುಜು ಇರುತ್ತಿತ್ತು.

ನಮ್ಮ ಮಲೆನಾಡಿನ ಕಡೆ ಇನ್ನೂ ಒಂದು ಪದ್ಧತಿ ಉಳಿದಿದೆ: ಬಸ್ಸಿಗೆ ಹಾಕುವುದು. ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲದ ಡಬ್ಬಿ, ಮರೆತು ಬಂದ ಮಾರ್ಕ್ಸ್ ಕಾರ್ಡು, ಎಲ್ಲವೂ ರಾತ್ರಿ ಬಸ್ಸಿನಲ್ಲಿ ಬರುತ್ತವೆ. ಅಮ್ಮ ಫೋನಿನಲ್ಲಿ ಹೇಳುವುದನ್ನು ಕೇಳಬೇಕು: “ಡ್ರೈವರ್ ಹತ್ರಾನೇ ಕೊಟ್ಟಿದೀನಿ. ಬಸ್ ನಂಬರ್ ಬರ್ಕೋ. ಅವರ ಫೋನ್ ನಂಬರೂ ಬರ್ಕೋ. ಬೆಳಿಗ್ಗೆ ಐದಕ್ಕೇ ಹೋಗಿ ನಿಂತ್ಕೋ, ಅವರನ್ನ ಕಾಯಿಸ್ಬೇಡ.” ಕೊಟ್ಟವರು, ಒಯ್ದವರು, ಪಡೆದವರು ಮೂವರಿಗೂ ಪರಸ್ಪರ ಗೊತ್ತು. ಕೆಎಸ್ಸಾರ್ಟಿಸಿ 2021ರಲ್ಲಿ ‘ನಮ್ಮ ಕಾರ್ಗೋ’ ಆರಂಭಿಸಿ ಬಸ್ಸಿನ ಸಾಗಣೆಗೆ ರಸೀದಿಯನ್ನೂ ಕೌಂಟರನ್ನೂ ತಂದಿತು. ಒಳ್ಳೆಯ ಕೆಲಸ. ಹಾಗೆಂದು ಇಡೀ ದೇಶದ ವ್ಯಾಪಾರವನ್ನು ಪರಿಚಯದ ಡ್ರೈವರುಗಳ ಮೇಲೆ ನಡೆಸುವುದಕ್ಕಾಗುವುದಿಲ್ಲ, ಅದು ನನಗೂ ಗೊತ್ತು. ಆ ಮೂರು ಹೆಸರುಗಳನ್ನು ಮಾತ್ರ ದೊಡ್ಡ ಕಂಪನಿಯೂ ಇಟ್ಟುಕೊಳ್ಳಬಹುದು.

ಇಟ್ಟುಕೊಳ್ಳುವ ಪ್ರಯತ್ನ ನಡೆದಿದೆ. ಬೆಲೆಬಾಳುವ ಸಾಮಾನಿಗೆ ಓಟಿಪಿ ಕೇಳುತ್ತಾರೆ. ಕೆಲವು ಸಾಮಾನನ್ನು ನಮ್ಮೆದುರೇ ಬಿಚ್ಚಿ ತೋರಿಸುತ್ತಾರೆ. ಎದುರಿಗೆ ನಿಂತು ಕೊಟ್ಟರೆ ಇದು ಒಳ್ಳೆಯ ಕಾವಲು. ಆದರೆ ಮಧ್ಯಾಹ್ನ ನಾವು ಆಫೀಸಿನಲ್ಲಿದ್ದಾಗ ಫೋನು ಬರುತ್ತದೆ, “ಓಟಿಪಿ ಹೇಳಿ ಸಾರ್, ಗೇಟಲ್ಲಿ ಇಟ್ಟು ಹೋಗ್ತೀನಿ.” ಹೇಳಿದ ಗಳಿಗೆಯಲ್ಲಿ ಪೆಟ್ಟಿಗೆಯನ್ನು ನಾವು ಕೈಯಾರೆ ಪಡೆದಂತೆ ದಾಖಲಾಗುತ್ತದೆ. ಪಿಜಿಗಳ ಗೇಟಿನಲ್ಲಿ ಸಂಜೆ ನೋಡಿ: ಇಪ್ಪತ್ತು ಮೂವತ್ತು ಪೊಟ್ಟಣಗಳ ರಾಶಿ, ಬಂದವರೆಲ್ಲ ಬಗ್ಗಿ ಹೆಸರು ಹುಡುಕುತ್ತಾರೆ, ಯಾರು ಯಾರದ್ದನ್ನು ಎತ್ತಿಕೊಂಡರೂ ಕೇಳುವವರಿಲ್ಲ. ವಾಚ್‌ಮನ್ನಿಗೆ ಇದು ಸಂಬಳದ ಕೆಲಸವೂ ಅಲ್ಲ. ಕಳೆದಾಗ ಬೈಸಿಕೊಳ್ಳುವವನು ಮಾತ್ರ ಅವನೇ.

ಬೈಕಿನ ಹುಡುಗನ ವಿಷಯದಲ್ಲಿ ನನ್ನ ಮನಸ್ಸು ಕಠಿಣವಾಗುವುದಿಲ್ಲ. ಬೆಲ್ ಮಾಡದೆ ‘ಲಭ್ಯವಿಲ್ಲ’ ಎಂದು ಒತ್ತಿದ್ದು ತಪ್ಪೇ. ಆದರೆ ಪೆಟ್ಟಿಗೆಗೆ ಇಷ್ಟು ಎಂದು ದುಡ್ಡು, ಪೆಟ್ರೋಲು ತನ್ನದು, ಲಿಫ್ಟಿಲ್ಲದ ನಾಲ್ಕನೇ ಮಹಡಿ, ಇಳಿದು ಬರುವಷ್ಟರಲ್ಲಿ ಬೈಕಿನ ಮೇಲಿನ ಚೀಲ ಇರುತ್ತದೋ ಇಲ್ಲವೋ ಎಂಬ ಭಯ. ಕಳೆದುಹೋದರೆ ನಮ್ಮ ದುಡ್ಡಲ್ಲೇ ಮುರಿದುಕೊಳ್ಳುತ್ತಾರೆ ಎಂದು ನಮ್ಮ ಬೀದಿಗೆ ಬರುವ ಹುಡುಗರು ಹೇಳುತ್ತಾರೆ. 2023ರ ಫೆಬ್ರವರಿಯಲ್ಲಿ ಅರಸೀಕೆರೆಯಲ್ಲಿ, ಮೊಬೈಲ್ ತಲುಪಿಸಿ ಹಣ ಪಡೆಯಲು ಹೋದ ಯುವಕನನ್ನು ತರಿಸಿದವನೇ ಕೊಂದ ಆರೋಪದ ಸುದ್ದಿ ಬಂತು. ಹಲವು ದಿನ ನಾನು ಬಾಗಿಲಿಗೆ ಬಂದ ಹುಡುಗರ ಮುಖವನ್ನೇ ನೋಡುತ್ತಿದ್ದೆ. ಪಾರ್ಸೆಲ್ ಕಳ್ಳತನ ಎಂದಾಗ ನಾವು ನಮ್ಮ ನಷ್ಟವನ್ನಷ್ಟೇ ಎಣಿಸುತ್ತೇವೆ; ಎರಡೂ ಕಡೆಯ ಕಳ್ಳರ ನಡುವೆ ಓಡಾಡುವವನು ಅವನು.

2025ರಲ್ಲಿ ಕರ್ನಾಟಕ ಸರ್ಕಾರ ಗಿಗ್ ಕಾರ್ಮಿಕರಿಗಾಗಿಯೇ ಕಾಯ್ದೆ ತಂದಿತು. ಅವರಿಗೆ ಕೊಡುವ ಹಣದ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು. ಕೆಲಸದಿಂದ ತೆಗೆಯುವುದಾದರೆ ಲಿಖಿತ ಕಾರಣ ಕೊಟ್ಟು 14 ದಿನ ಮೊದಲೇ ತಿಳಿಸಬೇಕು. ಒಂದು ದೂರಿನ ಮೇಲೆ ಐಡಿ ಬ್ಲಾಕ್ ಮಾಡಿ ಬೀದಿಗೆ ಬಿಡುವ ರೂಢಿಗೆ ಇದು ತಡೆಯಾಗಬೇಕು. ಕಳೆದ ವಸ್ತುವಿನ ಬೆಲೆಯನ್ನು ಸಾಗಣೆಗೆ ಹಣ ಪಡೆದ ಕಂಪನಿಯೇ ಭರಿಸಬೇಕು; ಸರಪಳಿಯ ಕೊನೆಯ ಬಡವನಿಂದ ವಸೂಲು ಮಾಡುವುದು ಇನ್ನೊಂದು ಕಳ್ಳತನ.

ಗ್ರಾಹಕರ ಪರವಾಗಿಯೂ ಕಾನೂನು ಇದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಪ್ರತಿ ಕಂಪನಿ ದೂರು ಕೇಳುವ ಅಧಿಕಾರಿಯ ಹೆಸರನ್ನು ಪ್ರಕಟಿಸಬೇಕು. ದೂರು ಬಂದಿದೆ ಎಂದು 48 ಗಂಟೆಯೊಳಗೆ ತಿಳಿಸಿ ಒಂದು ತಿಂಗಳಲ್ಲಿ ಪರಿಹರಿಸಬೇಕು. 1915ಕ್ಕೆ ಫೋನು ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಿಗುತ್ತದೆ. ನಾವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದಾವೆ ಹೂಡಬಹುದು, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಕೊರಿಯರ್ ರಸೀದಿಯ ಹಿಂದಿನ ಸಣ್ಣಕ್ಷರಗಳನ್ನು ಮಾತ್ರ ಓದದೆ ಸಹಿ ಹಾಕಬೇಡಿ. ಭಾರತಿ ನಿಟ್ಟಿಂಗ್ ಕಂಪನಿಯ ಮೊಕದ್ದಮೆಯಲ್ಲಿ, 1996ರಲ್ಲಿ, ಸುಪ್ರೀಂ ಕೋರ್ಟು ಸಹಿ ಹಾಕಿದವರು ಆ ಷರತ್ತಿಗೆ ಬದ್ಧರು ಎಂದಿತು. ಸಿಕ್ಕಿದ್ದು 100 ಡಾಲರಿನ ಮಿತಿಯೊಳಗಿನ ಪರಿಹಾರ ಮಾತ್ರ.

ನಮ್ಮ ಎದುರುಮನೆಯ ನಿವೃತ್ತ ಮೇಷ್ಟ್ರು ಈಗ ಆಯೋಗಕ್ಕೆ ಹೋಗಿದ್ದಾರೆ. ಅವರ ಅಕ್ಕ ಮೊಮ್ಮಗಳ ಮದುವೆಗೆಂದು ಬಾಗಲಕೋಟೆಯಿಂದ ತಾಯಿಯ ಕಾಲದ ಇಳಕಲ್ ಸೀರೆ ಕಳಿಸಿದ್ದರು. ಅದು ಬಾರಲಿಲ್ಲ, ಮದುವೆ ಮುಗಿಯಿತು. ಕಂಪನಿ ಸೀರೆಗಿಷ್ಟು ಎಂದು ಹಣ ಕೊಡಲು ಮುಂದೆ ಬಂದಾಗ ಮೇಷ್ಟ್ರು ಒಪ್ಪಲಿಲ್ಲ. ಬಾಗಲಕೋಟೆಯ ಕೌಂಟರಿನಿಂದ ನಮ್ಮ ಬೀದಿಯವರೆಗೆ ಆ ಪೊಟ್ಟಣ ಯಾರ ಯಾರ ಕೈ ದಾಟಿತು ಎಂಬ ಪಟ್ಟಿಯನ್ನು ಹಾಜರುಪಡಿಸಲಿ ಎಂದು ಕೇಳಿದ್ದಾರೆ. ಅರ್ಜಿಯ ಕರಡನ್ನು ಇಬ್ಬರೂ ಕೂತು ಬರೆದೆವು. ಮುಂದಿನ ವಿಚಾರಣೆಗೆ ನಾನೂ ಅವರ ಜೊತೆ ಹೋಗುತ್ತಿದ್ದೇನೆ.