ಸೆಟ್ಟೂರಿನ ಬಯಲು ಕಲಿಸುವ ಪಾಠ

ಪ್ರಯಾಣ ಎಂದರೆ ನಮ್ಮ ಕುಟುಂಬಗಳಿಗೆ ಮೊದಲು ನೆನಪಾಗುವುದು ವೇಳಾಂಕಣಿ, ಕಾರ್ಕಳದ ಅತ್ತೂರು ಅಥವಾ ಹಳೆ ಗೋವಾ. ಆಂಧ್ರದ ಅನಂತಪುರ ಜಿಲ್ಲೆಯ ಸೆಟ್ಟೂರು ನಮ್ಮ ಯಾತ್ರೆಗಳ ಪಟ್ಟಿಯಲ್ಲಿ ಇಲ್ಲ. ಆದರೂ ಈ ಸಲ ನಿಮ್ಮನ್ನು ಅತ್ತ ಕರೆದುಕೊಂಡು ಹೋಗುವ ಆಸೆ. ಏಕೆಂದರೆ ನಮ್ಮೆಲ್ಲರ ಮನೆಯಲ್ಲೂ ಇರುವ ಒಂದು ಹಳೆಯ ಕಾಯಿಲೆಗೆ ಆ ಬಯಲು ಒಳ್ಳೆಯ ಪಾಠ ಹೇಳುತ್ತದೆ. ಆ ಕಾಯಿಲೆಯ ಹೆಸರು ಗೊಣಗಾಟ.

ಸೆಟ್ಟೂರು ಇರುವುದು ಕಲ್ಯಾಣದುರ್ಗದ ಸೀಮೆಯಲ್ಲಿ, ಕರ್ನಾಟಕದ ಗಡಿಗೆ ಸಮೀಪದಲ್ಲಿ. ಇದು ನಮಗೆ ಪರನಾಡೇನೂ ಅಲ್ಲ. 1882ರವರೆಗೆ ಅನಂತಪುರವು ಬಳ್ಳಾರಿ ಜಿಲ್ಲೆಗೇ ಸೇರಿತ್ತು. ಈ ಗಡಿಸೀಮೆಯಲ್ಲಿ ತೆಲುಗು, ಕನ್ನಡ ಎರಡೂ ಕಿವಿಗೆ ಬೀಳುತ್ತವೆ. 2022ರಲ್ಲಿ ಜಿಲ್ಲೆ ಒಡೆದಾಗ ಹಿಂದೂಪುರ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಕಲ್ಯಾಣದುರ್ಗ, ಸೆಟ್ಟೂರು ಅನಂತಪುರದಲ್ಲೇ ಉಳಿದವು.

ಕಣ್ಣು ಹಾಯಿಸಿದಷ್ಟೂ ಕೆಂಪು ಮಣ್ಣು, ಕಲ್ಲುಗುಡ್ಡ, ಅಲ್ಲೊಂದು ಇಲ್ಲೊಂದು ಬೇವಿನ ಮರ, ಹುಣಸೆ ಮರ. ಮುಂಗಾರು ಮೋಡಗಳು ಪಶ್ಚಿಮ ಘಟ್ಟದಲ್ಲೇ ತಮ್ಮ ನೀರನ್ನೆಲ್ಲ ಸುರಿಸಿ, ಇಲ್ಲಿಗೆ ಬರುವಷ್ಟರಲ್ಲಿ ಬರಿದಾಗಿರುತ್ತವೆ. ಬಂಗಾಳ ಕೊಲ್ಲಿಯ ಹಿಂಗಾರು ಕೂಡ ಇಷ್ಟು ಒಳಗೆ ಬರುವ ಹೊತ್ತಿಗೆ ಸೋತಿರುತ್ತದೆ. ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 550 ಮಿಲಿಮೀಟರ್ ಮಳೆ. ಅದೂ ಬೇಕೆಂದಾಗ ಬರುವುದಿಲ್ಲ. ಈ ನಂಬಿಕೆಯಿಲ್ಲದ ಮಳೆಯನ್ನೇ ನಂಬಿ ರೈತ ಶೇಂಗಾ ಬಿತ್ತುತ್ತಾನೆ.

ಇಂಥ ನೆಲದಲ್ಲಿ ನಿಂತಾಗ ಬೈಬಲ್ಲಿನ ಮರುಭೂಮಿ ನೆನಪಾಗದೆ ಇರದು. ಕೆಂಪು ಸಮುದ್ರ ದಾಟಿ ಮೂರೇ ದಿನಗಳಾಗಿದ್ದವು. ಕುಡಿಯಲು ನೀರಿಲ್ಲ, ಮಾರಾ ಎಂಬಲ್ಲಿ ಸಿಕ್ಕಿದ ನೀರೂ ಕಹಿ. ಇಸ್ರಯೇಲರು ಮೋಶೆಯ ವಿರುದ್ಧ ಗೊಣಗತೊಡಗಿದರು. ಮುಂದೆ ಅವರಿಗೆ ಈಜಿಪ್ಟಿನ ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿಯ ರುಚಿ ನೆನಪಾಯಿತು. ಅಲ್ಲಿ ಬೆನ್ನ ಮೇಲೆ ಬಿದ್ದ ಪೆಟ್ಟು ಮಾತ್ರ ಮರೆತುಹೋಗಿತ್ತು! ಗೊಣಗಾಟದ ಗುಣವೇ ಅದು. ಇಂದಿನ ಕೊರತೆಯನ್ನು ದೊಡ್ಡದು ಮಾಡುತ್ತದೆ, ನಿನ್ನೆಯ ನೋವನ್ನು ಅಳಿಸಿಹಾಕುತ್ತದೆ.

ಇಲ್ಲಿ ನಾವು ಒಂದು ಮಾತನ್ನು ಗಮನಿಸಬೇಕು. ಬಾಯಾರಿಕೆ ಜನರಿಗೂ ಇತ್ತು, ಮೋಶೆಗೂ ಇತ್ತು. ಜನರು ತಮ್ಮ ತಮ್ಮಲ್ಲೇ ಗೊಣಗಿದರು. ಮೋಶೆ ದೇವರಿಗೆ ಮೊರೆಯಿಟ್ಟನು. ಕಷ್ಟ ಒಂದೇ, ಅದು ಹೋದ ದಾರಿ ಬೇರೆ. ಆದ್ದರಿಂದ ವಿಶ್ವಾಸ ಎಂದರೆ ಬಾಯಿ ಮುಚ್ಚಿಕೊಂಡು ಎಲ್ಲವನ್ನೂ ನುಂಗುವುದಲ್ಲ. ಕೀರ್ತನೆಗಳ ಗ್ರಂಥದಲ್ಲಿ ಕಣ್ಣೀರಿನ ಪ್ರಾರ್ಥನೆಗಳು ಎಷ್ಟಿಲ್ಲ? ದೇವರ ಮುಂದೆ ಇಟ್ಟ ದೂರು ಪ್ರಾರ್ಥನೆಯಾಗುತ್ತದೆ. ಬೀದಿಯಲ್ಲಿ ಸುತ್ತಿದ ದೂರು ಮತ್ತಷ್ಟು ಕಹಿಯಾಗಿ ನಮ್ಮ ಮನೆಗೇ ಮರಳುತ್ತದೆ.

ನ್ಯಾಯವಾದ ದೂರನ್ನು ಧರ್ಮಸಭೆಯೂ ಅಲ್ಲಗಳೆದಿಲ್ಲ. ಪ್ರೇಷಿತರ ಕಾಲದಲ್ಲಿ ಗ್ರೀಕ್ ಮಾತನಾಡುವ ವಿಧವೆಯರಿಗೆ ದಿನನಿತ್ಯದ ಹಂಚಿಕೆಯಲ್ಲಿ ಅನ್ಯಾಯವಾಗುತ್ತಿದೆ ಎಂಬ ದೂರು ಬಂತು. ಪ್ರೇಷಿತರು ದೂರಿದವರನ್ನು ಗದರಿಸಲಿಲ್ಲ. ಏಳು ಮಂದಿಯನ್ನು ಆ ಸೇವೆಗೆ ನೇಮಿಸಿದರು. ಸರಿಯಾದ ಸ್ಥಳಕ್ಕೆ ಮುಟ್ಟಿಸಿದ ದೂರಿನಿಂದ ಒಂದು ಹೊಸ ಸೇವೆಯೇ ಹುಟ್ಟಿತು.

ಮೊರೆಯಿಟ್ಟ ಮೇಲೆ ಏನು? ಮುಂದೆ ಮತ್ತೊಮ್ಮೆ ನೀರು ಬತ್ತಿದಾಗ ದೇವರು ಮೋಶೆಗೆ ಹೊಸದೇನನ್ನೂ ಕೊಡಲಿಲ್ಲ. ಅವನ ಬಳಿ ಇದ್ದ ಕೋಲನ್ನೇ ಹಿಡಿದು ಬಂಡೆಯನ್ನು ಹೊಡೆಯಲು ಹೇಳಿದರು. ಈ ಕೋಲಿನ ಅರ್ಥ ತಿಳಿಯಬೇಕಾದರೆ ಅನಂತಪುರದ ಜನರು ಮರೆಯದ ಒಂದು ಹೆಸರನ್ನು ಹೇಳಬೇಕು: ವಿನ್ಸೆಂಟ್ ಫೆರರ್. 1920ರಲ್ಲಿ ಸ್ಪೇನಿನ ಬಾರ್ಸಿಲೋನಾದಲ್ಲಿ ಹುಟ್ಟಿದ ಇವರು ಯೇಸುಸಭೆಯ ಸದಸ್ಯರಾಗಿ 1952ರಲ್ಲಿ ಭಾರತಕ್ಕೆ ಬಂದರು. ಮಹಾರಾಷ್ಟ್ರದ ಮನಮಾಡದಲ್ಲಿ ಬಡ ರೈತರೊಂದಿಗೆ ಸೇರಿ ಬಾವಿ ತೋಡಿಸಿದರು. ಅಲ್ಲಿ ಕೆಲವರಿಗೆ ಬೇಡವಾಗಿ, 1968ರಲ್ಲಿ ದೇಶವನ್ನೇ ಬಿಡಬೇಕಾಯಿತು. ದೂರಲು ಅವರಿಗೆ ಕಾರಣವಿರಲಿಲ್ಲವೇ? ಆದರೆ 1969ರಲ್ಲಿ ಮರಳಿ ಬಂದು, ಯಾರಿಗೂ ಬೇಡವಾಗಿದ್ದ ಅನಂತಪುರವನ್ನೇ ಆರಿಸಿಕೊಂಡರು. 1970ರಲ್ಲಿ ಯೇಸುಸಭೆಯನ್ನು ಬಿಟ್ಟು ಆನ್ ಪೆರ್ರಿಯವರನ್ನು ಮದುವೆಯಾದರು. ಬಡವರ ಕೈಯನ್ನು ಮಾತ್ರ ಬಿಡಲಿಲ್ಲ. ಅವರು ಕಟ್ಟಿದ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್ ಜಿಲ್ಲೆಯಲ್ಲಿ ಶಾಲೆ, ಮನೆ, ನೀರಿನ ಕಟ್ಟೆಗಳ ಕೆಲಸ ಮಾಡಿತು. ಬತ್ತಲಪಲ್ಲಿ, ಕಲ್ಯಾಣದುರ್ಗಗಳಲ್ಲಿ ಆಸ್ಪತ್ರೆ ತೆರೆಯಿತು. 2009ರಲ್ಲಿ ತೀರಿಕೊಂಡ ಫೆರರ್ ಅದೇ ಬತ್ತಲಪಲ್ಲಿಯ ಮಣ್ಣಿನಲ್ಲಿ ಮಲಗಿದ್ದಾರೆ. ಆ ಬಯಲಿಗೆ ಮಳೆ ಹೆಚ್ಚಾಗಲಿಲ್ಲ. ಬಂದ ಮಳೆಯನ್ನು ತಡೆದು ನಿಲ್ಲಿಸುವ ಕೈಗಳು ಹೆಚ್ಚಾದವು.

ಇನ್ನು ಶೇಂಗಾದ ಕಡೆಗೆ ಬರೋಣ. ಅದರ ಹಳದಿ ಹೂವು ಅರಳುವುದು ನೆಲದ ಮೇಲೆ, ಕಾಯಿ ಕಟ್ಟುವುದು ನೆಲದ ಒಳಗೆ. ಹೂವು ಬಾಡಿದ ಮೇಲೆ ಸೂಜಿಯಂಥ ಎಳೆ ಕಡ್ಡಿಯೊಂದು ಕೆಳಗಿಳಿದು ಮಣ್ಣನ್ನು ಹೊಗುತ್ತದೆ. ಆ ಹೊತ್ತಿಗೆ ನೆಲ ಹಸಿಯಾಗಿ ಮೆತ್ತಗಿರಬೇಕು. ಗಟ್ಟಿಯಾಗಿದ್ದರೆ ಕಡ್ಡಿ ಒಳಗಿಳಿಯದು. ಹೂವು ಎಷ್ಟೇ ಬಿಟ್ಟಿದ್ದರೂ ಕಾಯಿಲ್ಲ. ಗುರುಗಳೂ ಕನ್ಯಾಸ್ತ್ರೀಯರೂ ಮುಂಜಾನೆಯ ಪ್ರಾರ್ಥನೆಯಲ್ಲಿ ಹೇಳುವ 95ನೇ ಕೀರ್ತನೆ, ಮೆರೀಬಾದಲ್ಲಿ ಗೊಣಗಿದವರನ್ನು ನೆನಪಿಸಿ, ಹೃದಯ ಕಲ್ಲಾಗದಿರಲಿ ಎಂದು ಎಚ್ಚರಿಸುತ್ತದೆ. ಗೊಣಗಾಟದ ದೊಡ್ಡ ನಷ್ಟ ಇದೇ. ಅದು ಹೃದಯದ ನೆಲವನ್ನು ಗಟ್ಟಿಮಾಡುತ್ತದೆ. ಬಲಿಪೂಜೆ, ಜಪಸರ, ಉಪವಾಸ ಎಲ್ಲವೂ ಹೂವಾಗಿ ಅರಳುತ್ತವೆ, ಆದರೆ ಕಾಯಿ ಕಟ್ಟುವುದಿಲ್ಲ.

ನಮ್ಮ ಗೊಣಗಾಟಗಳ ಪಟ್ಟಿಯೇನು ಚಿಕ್ಕದೇ? ಪ್ರಬೋಧನೆ ಉದ್ದವಾಯಿತು, ಗಾಯನಮಂಡಳಿಯ ಶ್ರುತಿ ತಪ್ಪಿತು, ಸೊಸೆಯ ಸಾರಿಗೆ ಉಪ್ಪು ಹೆಚ್ಚಾಯಿತು, ಮಗನ ಅಂಕ ಕಡಿಮೆಯಾಯಿತು! ಸಂತ ಪೌಲರು ಫಿಲಿಪ್ಪಿಯರಿಗೆ ಗೊಣಗದೆ ಬಾಳಿರಿ ಎಂದು ಬರೆದದ್ದು ಅರಮನೆಯಿಂದಲ್ಲ, ಸೆರೆಮನೆಯಿಂದ ಎಂಬುದನ್ನು ನೆನೆಯೋಣ.

ಇಂದು ಸಂಜೆ ಮನೆಯವರೆಲ್ಲ ಜಪಸರಕ್ಕೆ ಕುಳಿತಾಗ ಹೀಗೆ ಮಾಡಬಹುದು. ಹಗಲಿನಲ್ಲಿ ನೆರೆಯವರ ಮುಂದೆ ಹೇಳಿದ ದೂರನ್ನು ಮೊದಲು ಪ್ರಭುವಿನ ಮುಂದೆ ಹೇಳೋಣ. ಬಳಿಕ, ಇದಕ್ಕಾಗಿ ನನ್ನ ಕೈಯಲ್ಲಿ ಯಾವ ಕೋಲಿದೆ ಎಂದು ಕೇಳಿಕೊಳ್ಳೋಣ. ಕೊನೆಗೆ, ಆ ದಿನ ಸಿಕ್ಕಿದ ಒಂದು ಒಳಿತಿಗಾಗಿ ಹೆಸರು ಹೇಳಿ ವಂದನೆ ಸಲ್ಲಿಸೋಣ. ಮಾರಾದ ಕಹಿನೀರನ್ನು ದಾಟಿದವರಿಗೆ ಮುಂದೆ ಸಿಕ್ಕಿದ್ದು ಹನ್ನೆರಡು ಒರತೆಗಳ ಏಲಿಮ್. ನಮ್ಮ ಮನೆಯೊಳಗಿನ ಮಣ್ಣನ್ನೂ ಪ್ರಭು ಮೆತ್ತಗೆ ಮಾಡಲಿ.