ಬೆಟ್ಟಕ್ಕೆ ಕಿವಿಗೊಟ್ಟ ಊರು

ನಾರ್ವೆಯ ಡೋಂಬೋಸ್‌ನಲ್ಲಿ ರೌಮಾ ಮಾರ್ಗದ ಪುಟ್ಟ ರೈಲು ಹತ್ತಿದಾಗ ನಾನಿದ್ದದ್ದು ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿ. ಅಲ್ಲಿಂದ 114 ಕಿಲೋಮೀಟರ್ ಸಾಗಿ ಕಡಲಂಚಿನ ಓಂಡಲ್ಸ್‌ನೆಸ್ ತಲುಪಬೇಕು. 1924ರಲ್ಲಿ ಪೂರ್ಣಗೊಂಡ ಈ ಹಳಿ, ಇಳಿಜಾರು ತೀರಾ ಕಡಿದಾದ ಕಡೆ ಬೆಟ್ಟದ ಹೊಟ್ಟೆಯೊಳಗೇ ತಿರುಗಿ ಹೊರಬರುತ್ತದೆ. ಕಿಲ್ಲಿಂಗ್ ಕಲ್ಲುಸೇತುವೆಯ ಮೇಲೆ ರೈಲು ನಿಧಾನವಾಯಿತು. 59 ಮೀಟರ್ ಕೆಳಗೆ ರೌಮಾ ನದಿ ನೊರೆಯುಕ್ಕಿಸುತ್ತಾ ಧುಮುಕುತ್ತಿತ್ತು. ಕಣಿವೆ ಅಗಲವಾದಂತೆ ಅದೇ ನದಿ ತಳದ ಕಲ್ಲು ಕಾಣುವಷ್ಟು ತಿಳಿಯಾಯಿತು.

ಓಂಡಲ್ಸ್‌ನೆಸ್ ಚಿಕ್ಕ ಊರು. ಹಳೆಯ ಕಟ್ಟಡಗಳು ಕಡಿಮೆ. 1940ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಪಡೆಗಳು ಇಲ್ಲಿ ಬಂದಿಳಿದಾಗ ಜರ್ಮನ್ ವಿಮಾನಗಳು ಬಾಂಬು ಸುರಿಸಿ ಊರನ್ನು ಸುಟ್ಟವು. ಜರ್ಮನ್ನರ ಕೈಗೆ ಸಿಗದಂತೆ ಓಸ್ಲೋದಿಂದ ಸಾಗಿಸಿದ ನಾರ್ವೆಯ ಚಿನ್ನ ಬಂದದ್ದೂ ಇದೇ ಹಳಿಯ ಮೇಲೆ.

2021ರಲ್ಲಿ ಶುರುವಾದ ಕೇಬಲ್ ಕಾರು ಊರಿನಿಂದ ನೆಸಾಕ್ಸ್ಲಾ ಬೆಟ್ಟದ ನೆತ್ತಿಗೆ ಒಯ್ಯುತ್ತದೆ. 708 ಮೀಟರ್ ಎತ್ತರದಲ್ಲಿ ನಿಂತರೆ ನೆಲದ ಚರಿತ್ರೆ ಒಂದೇ ನೋಟಕ್ಕೆ ಸಿಗುತ್ತದೆ. ಹಿಮನದಿಗಳು ಆಳವಾಗಿ ಕೊರೆದ ಕಣಿವೆ, ಅದರೊಳಕ್ಕೆ ಕಡಲು ನುಗ್ಗಿ ಆದ ರೋಮ್ಸ್‌ಡಾಲ್ ಫಿಯೋರ್ಡ್, ಎದುರಿಗೆ ಕೊಂಬಿನಂತೆ ಎದ್ದ ರೋಮ್ಸ್‌ಡಾಲ್ ಶಿಖರ.

ಕಣಿವೆಯಲ್ಲಿ ಹಿಂದಕ್ಕೆ ಹೋದರೆ ಟ್ರೋಲ್‌ವೆಗ್ಗನ್. ಸುಮಾರು 1,100 ಮೀಟರ್ ನೆಟ್ಟಗೆ ನಿಂತ ಈ ಬಂಡೆಗೋಡೆಯನ್ನು ಪೂರ್ತಿ ನೋಡಲು ಕತ್ತನ್ನು ಬೆನ್ನಿಗೆ ತಾಗುವಂತೆ ಬಾಗಿಸಬೇಕು. 1965ರಲ್ಲಿ ನಾರ್ವೆಯ ಒಂದು ತಂಡ, ಬ್ರಿಟನ್ನಿನ ಒಂದು ತಂಡ ಬೇರೆ ಬೇರೆ ದಾರಿಯಲ್ಲಿ ಮೊದಲ ಬಾರಿಗೆ ಇದನ್ನು ಹತ್ತಿದವು.

ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಇದೇ ಕಣಿವೆಯ ಮನ್ನೆನ್ ಬೆಟ್ಟ. ಅದರ ವೆಸ್ಲೆಮನ್ನೆನ್ ಎಂಬ ಭಾಗ ಬಿರುಕುಬಿಟ್ಟು ಜಾರತೊಡಗಿತ್ತು. ಭೂವಿಜ್ಞಾನಿಗಳು ರೇಡಾರ್ ಮತ್ತು ಮಾಪಕಗಳಿಂದ ಅದರ ಚಲನೆಯನ್ನು ಹಗಲಿರುಳು ಅಳೆದರು. ಮಳೆ ಬಂದಾಗ ಜಾರುವಿಕೆ ಬಿರುಸಾಗುತ್ತಿತ್ತು. ಅಪಾಯ ಏರಿದಾಗಲೆಲ್ಲ ಕೆಳಗಿನ ಮನೆಗಳವರು ಊರು ಬಿಡುತ್ತಿದ್ದರು, ರೈಲೂ ನಿಲ್ಲುತ್ತಿತ್ತು. 2014ರಿಂದ ಹೀಗೆ ಮನೆ ಬಿಟ್ಟದ್ದು 16 ಸಲ. ಕೊನೆಯದರ ಹೊರತು ಯಾವ ಸಲವೂ ಬೆಟ್ಟ ಬೀಳಲಿಲ್ಲ, ಜನ ಮರಳಿದರು. ಕೊನೆಗೆ 2019ರ ಸೆಪ್ಟೆಂಬರ್ 5ರ ರಾತ್ರಿ ಅದು ಕುಸಿಯಿತು. ಒಂದು ಜೀವಕ್ಕೂ ಅಪಾಯವಾಗಲಿಲ್ಲ.

11 ಹಿಮ್ಮುರಿ ತಿರುವುಗಳ ಟ್ರೋಲ್‌ಸ್ಟಿಗನ್ ರಸ್ತೆಯಲ್ಲೂ ಇದೇ ಎಚ್ಚರ. 1936ರಿಂದ ಪ್ರವಾಸಿಗರನ್ನು ಸೆಳೆಯುತ್ತಿರುವ ಈ ದಾರಿಯನ್ನು, ಕಲ್ಲುರುಳುವ ಅಪಾಯ ಕಂಡು 2024ರ ಬೇಸಿಗೆಯಲ್ಲಿ, ಪ್ರವಾಸದ ಹಂಗಾಮಿನಲ್ಲೇ ಮುಚ್ಚಿದರು.

ಅದೇ ವರ್ಷದ ಜುಲೈನಲ್ಲಿ ನಮ್ಮ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜನ ಸತ್ತರು. 2018ರಲ್ಲಿ ಕೊಡಗು ಕಂಡದ್ದೂ ಇಂಥದೇ ದುಃಖ. ನಮ್ಮ ಕೆಂಪು ಮಣ್ಣಿನ ಗುಡ್ಡ ಬೇರೆ, ಅಲ್ಲಿಯ ಬಂಡೆ ಬೇರೆ. ನಮ್ಮ ಮಳೆಯ ಅಬ್ಬರವೂ ಬೇರೆ. ಆದರೂ ಹದಿನಾರು ಸಲ ಮನೆ ಬಿಟ್ಟು ಹೋಗಿ ಮರಳಿದ ಆ ಜನರ ತಾಳ್ಮೆ, ಅವರನ್ನು ಎಬ್ಬಿಸಿ ಕಳಿಸಿದ ಆಡಳಿತದ ಎಚ್ಚರ ನಮಗೂ ಬೇಕು. ಘಟ್ಟದ ಬುಡದಲ್ಲಿ ಬದುಕುವವರಿಗೆ ಮುನ್ಸೂಚನೆ ಸಿಗುವುದು ಅವರ ಹಕ್ಕು ಎಂದೇ ನಾನು ನಂಬುತ್ತೇನೆ.